ಪಾಠಕ್ಕೆ ಅತಿಥಿ, ಕುರ್ಚಿಗೆ ಪ್ರಭಾರ

ಕಾರ್ಕಳ ಬಿಟ್ಟ ಬಸ್ಸು ಕುಕ್ಕುಂದೂರಿನ ಜೋಡುರಸ್ತೆಗೆ ಬರುವಾಗ ಹೆಸರಿಗೆ ತಕ್ಕಂತೆ ದಾರಿ ಎರಡಾಗುತ್ತದೆ: ಒಂದು ಬೈಲೂರಿನ ಮೇಲೆ ಉಡುಪಿಗೆ, ಇನ್ನೊಂದು ಅಜೆಕಾರಿನ ಮೇಲೆ ಹೆಬ್ರಿಗೆ. ಸಿಇಟಿ, ನೀಟ್ ಫಲಿತಾಂಶ ಬಂದ ವಾರ ನಮ್ಮ ಕಡೆಯ ಇಂಥ ಜಂಕ್ಷನ್ನುಗಳಲ್ಲಿ ನಿಂತರೆ ಫ್ಲೆಕ್ಸುಗಳ ನಡುವೆ ಬಸ್ಸು ಹುಡುಕಬೇಕಾಗುತ್ತದೆ. ಊರಿನ ಗಣಿತನಗರದಲ್ಲೇ ಜ್ಞಾನಸುಧಾ ಪಿಯು ಕಾಲೇಜಿದೆ. ಒಂದು ಪಾಠದ ಹೆಸರು ಜಾಗದ ಹೆಸರಾಗಿ ಕಂಡಕ್ಟರರ ಬಾಯಿಗೆ ಬರುವಷ್ಟು ಪಿಯು ಶಿಕ್ಷಣ ಇಲ್ಲಿ ಬೇರುಬಿಟ್ಟಿದೆ. ಮಗಳನ್ನು ಪಿಯುಸಿಗೆ ಸೇರಿಸಲು ಬಂದ ಅಪ್ಪ ಅಮ್ಮ ಫೀಸು ಎಷ್ಟೆಂದು ಕೇಳಿದ ಮೇಲೆ ಕೇಳುವ ಎರಡನೆಯ ಪ್ರಶ್ನೆ, "ಫಿಸಿಕ್ಸಿಗೆ ಯಾರು ಸರ್?" ಅದೇ ಮಗಳು ಎರಡು ವರ್ಷ ಕಳೆದು ಯಾವುದೋ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿ.ಕಾಂ.ಗೆ ಸೇರುವಾಗ ಅಕೌಂಟೆನ್ಸಿಗೆ ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಆಫೀಸಿನವರು ಹೇಳಲಾರರು. ಅತಿಥಿ ಉಪನ್ಯಾಸಕರ ಈ ವರ್ಷದ ಕೌನ್ಸೆಲಿಂಗ್ ಇನ್ನೂ ಆಗಬೇಕಷ್ಟೆ.

ರಾಜ್ಯದಲ್ಲಿ 430ರಷ್ಟು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅಲ್ಲಿ ಪಾಠ ಮಾಡುವವರಲ್ಲಿ ಕಾಯಂ ಇರುವವರಿಗಿಂತ ಅತಿಥಿಗಳೇ ಹೆಚ್ಚು, 10 ಸಾವಿರಕ್ಕೂ ಮೇಲೆ. ಮನೆಯಲ್ಲಿ ಯಜಮಾನರಿಗಿಂತ ನೆಂಟರೇ ಹೆಚ್ಚಾದರೆ ಅದನ್ನು ಮದುವೆಮನೆ ಎನ್ನಬಹುದು. ವರ್ಷವಿಡೀ ಹಾಗೇ ಇದ್ದರೆ ಏನೆನ್ನುವುದು? ಮುಷ್ಕರ ನಡೆದಾಗಲೆಲ್ಲ ಇದು ಸಂಬಳದ ವಿಷಯವಾಗಿ ಸುದ್ದಿಯಾಗುತ್ತದೆ, ಗೌರವಧನ ತುಸು ಏರುತ್ತದೆ, ಸುದ್ದಿ ಮುಗಿಯುತ್ತದೆ. ಸಂಬಳದ ಹಿಂದೆ ಇನ್ನೊಂದು ಅದಲುಬದಲು ನಡೆದುಹೋಗಿದೆ. ಪಾಠ ಮಾಡಲೆಂದು ನೇಮಕವಾದ ಕಾಯಂ ಅಧ್ಯಾಪಕರು ಕಡತಕ್ಕೆ ಸರಿದಿದ್ದಾರೆ. ತಾತ್ಕಾಲಿಕವಾಗಿ ಬಂದವರು ತರಗತಿಯ ಪೂರ್ತಿ ಭಾರ ಹೊತ್ತಿದ್ದಾರೆ. ಎರಡೂ ಕಡೆ ತಪ್ಪು ಜನ ಇದ್ದಾರೆಂದು ಹೇಳುತ್ತಿಲ್ಲ, ತಪ್ಪು ಜಾಗದಲ್ಲಿ ಇದ್ದಾರೆ.

ಯಾವುದಾದರೂ ಸರ್ಕಾರಿ ಕಾಲೇಜಿನ ಆಫೀಸಿಗೆ ಬೆಳಿಗ್ಗೆ ಒಂಬತ್ತೂವರೆಗೆ ಹೋಗಿ ನೋಡಿ. ಪ್ರಾಂಶುಪಾಲರ ಮೇಜಿನ ಮೇಲೆ ಎರಡು ಹಾಜರಿ ಪುಸ್ತಕಗಳು. ಕಾಯಂನವರದ್ದಕ್ಕೆ ಗಟ್ಟಿ ರಟ್ಟು, ಬೆನ್ನಿಗೆ ಬಟ್ಟೆ. ಅತಿಥಿಗಳದ್ದರಲ್ಲಿ ಸಹಿಯ ಪಕ್ಕ ಯಾವ ತರಗತಿ, ಎಷ್ಟು ಗಂಟೆ ಎಂದೂ ಬರೆಯಬೇಕು. ಅಜೆಕಾರಿನ ಕಡೆಯಿಂದ ಎರಡು ಬಸ್ಸು ಬದಲಿಸಿ ಬರುವ, ಹನ್ನೊಂದು ವರ್ಷದಿಂದ ಅತಿಥಿಯಾಗಿರುವ ಒಬ್ಬರು ನನ್ನ ಪರಿಚಯದವರು. ಪೆನ್ನು ಜೇಬಿಗೆ ಹಾಕುತ್ತ ಅವರು ಒಮ್ಮೆ ಹೇಳಿದ್ದರು: "ನಾನು ಮಾಡಿದ ಗಂಟೆ ಉಂಟು ಮಾರ್ರೆ ಇದರಲ್ಲಿ, ನಾನು ಇಲ್ಲ."

ಅವರ ಗಂಟೆಯ ಲೆಕ್ಕವನ್ನೇ ನೋಡೋಣ. 2022ರ ಜನವರಿಗೆ ಮೊದಲು ಯುಜಿಸಿ ಅರ್ಹತೆ ಇದ್ದವರಿಗೆ ತಿಂಗಳಿಗೆ 13 ಸಾವಿರ, ಇಲ್ಲದವರಿಗೆ 11 ಸಾವಿರ ರೂಪಾಯಿ ಸಿಗುತ್ತಿತ್ತು. ಆಗಿನ ಮುಷ್ಕರದ ನಂತರ ಅದು ಅರ್ಹತೆ, ಅನುಭವ ನೋಡಿ 26 ಸಾವಿರದಿಂದ 32 ಸಾವಿರಕ್ಕೆ ಏರಿತು. ದೊಡ್ಡ ಏರಿಕೆಯೇ. ಆದರೆ ಅದರ ಜೊತೆಗೇ ವಾರದ ಕಾರ್ಯಭಾರವನ್ನು 8–10 ಗಂಟೆಯಿಂದ 15 ಗಂಟೆಗೆ ಏರಿಸಲಾಯಿತು. ಇಬ್ಬರ ಪಾಠ ಒಬ್ಬರ ಕೈಗೆ ಬಂತು; 14 ಸಾವಿರಕ್ಕೂ ಹೆಚ್ಚಿದ್ದ ಅತಿಥಿಗಳಲ್ಲಿ ಸಾವಿರಾರು ಮಂದಿಗೆ ಜಾಗವೇ ಇಲ್ಲವಾಯಿತು. 2023ರ ನವೆಂಬರಿನಲ್ಲಿ ಮತ್ತೆ ತರಗತಿ ಬಹಿಷ್ಕಾರ. 2024ರ ಆರಂಭದಲ್ಲಿ ಸೇವಾವಧಿ ನೋಡಿ 5 ಸಾವಿರದಿಂದ 8 ಸಾವಿರ ರೂಪಾಯಿ ಹೆಚ್ಚಳ, 60 ವರ್ಷ ದಾಟಿ ಹೊರಹೋಗುವವರಿಗೆ 5 ಲಕ್ಷದವರೆಗೆ ಇಡುಗಂಟು. ಅವರು ಕೇಳಿದ್ದು ಸೇವಾ ಭದ್ರತೆ, ಸಿಕ್ಕಿದ್ದು ಹಣ.

ಯುಜಿಸಿಯ 2018ರ ನಿಯಮದಂತೆ ಕಾಯಂ ಸಹಾಯಕ ಪ್ರಾಧ್ಯಾಪಕರ ವಾರದ ಬೋಧನೆ 16 ಗಂಟೆ, ಅವರ ಆರಂಭಿಕ ಮೂಲ ವೇತನ 57,700 ರೂಪಾಯಿ, ಭತ್ಯೆಗಳು ಬೇರೆ. 15ಕ್ಕೂ 16ಕ್ಕೂ ಇರುವ ಅಂತರ ಒಂದೇ ಗಂಟೆಯದ್ದು. ಅತಿಥಿಗೆ ಬೇಸಿಗೆ ರಜೆಯ ಸಂಬಳವೂ ಇಲ್ಲ, ಶೈಕ್ಷಣಿಕ ವರ್ಷ ಮುಗಿದರೆ ಬಿಡುಗಡೆ. ಗುಜರಾತಿನ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರಿಗೆ ತಿಂಗಳಿಗೆ 30 ಸಾವಿರ ಕೊಡುತ್ತಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು. ಸಮಾನ ಕೆಲಸಕ್ಕೆ ಸಮಾನ ವೇತನ ಕೊಡಿ ಎಂದಿತು. ವೇದಿಕೆಗಳಲ್ಲಿ ಗುರುವಿನ ಶ್ಲೋಕ ಹೇಳಿದರೆ ಸಾಲದು ಎಂಬರ್ಥದ ಮಾತನ್ನೂ ಸೇರಿಸಿತು. ಸೆಪ್ಟೆಂಬರ್ 5ರ ಸಮಾರಂಭಗಳಿಗೆ ಎರಡೇ ವಾರ ಮೊದಲು ಬಂದ ತೀರ್ಪು ಅದು. ನಮ್ಮ ವೇದಿಕೆಗಳಲ್ಲಿ ಶ್ಲೋಕ ನಿಂತ ಹಾಗೆ ಕಾಣಲಿಲ್ಲ.

ಇನ್ನು ಕುರ್ಚಿಯ ಕಡೆಗೆ. ಪ್ರಾಂಶುಪಾಲರನ್ನು ಅರ್ಹತೆ ನೋಡಿ ಆಯ್ಕೆ ಮಾಡಬೇಕು, ಅವಧಿ ಐದು ವರ್ಷ ಎಂದು ಯುಜಿಸಿ ಹೇಳುತ್ತದೆ. ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವುದು ಪ್ರಭಾರ. ಇದ್ದವರಲ್ಲಿ ಹಿರಿಯರು ಯಾರೋ ಅವರ ತಲೆಗೆ ಕುರ್ಚಿ. ಅವರು ನಿವೃತ್ತರಾದರೆ ನಂತರದವರಿಗೆ. ಪರೀಕ್ಷೆಯ ಮೂಲಕ 310 ಪ್ರಾಂಶುಪಾಲರನ್ನು ನೇಮಿಸುವ ಪ್ರಕ್ರಿಯೆ ಶುರುವಾಗಿ ವರ್ಷಗಟ್ಟಲೆ ಎಳೆಯಿತು. ಪ್ರಭಾರದವರಿಗೆ ಜವಾಬ್ದಾರಿ ಪೂರ್ತಿ, ಅಧಿಕಾರ ಅರೆ. ಕಾಲೇಜು ಅಭಿವೃದ್ಧಿ ಸಮಿತಿಗೆ ಅಧ್ಯಕ್ಷರು ಕ್ಷೇತ್ರದ ಶಾಸಕರು. ಒಳ್ಳೆಯ ಶಾಸಕರಿದ್ದಲ್ಲಿ ಕಟ್ಟಡ ಏಳುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಕಟ್ಟಡದ ಉದ್ಘಾಟನೆಗೆ ಫಲಕ ಇರುತ್ತದೆ, ಗ್ರಂಥಪಾಲಕರ ಹುದ್ದೆ ಖಾಲಿ ಇರುವುದಕ್ಕೆ ಫಲಕ ಇರುವುದಿಲ್ಲ.

ಗುಮಾಸ್ತರ ಹುದ್ದೆ ಖಾಲಿ ಇದ್ದಲ್ಲಿ ಆ ಕೆಲಸ ಹೋಗುವುದು ಯಾರಿಗೆ? 2021ರಿಂದ ಪ್ರವೇಶಾತಿ, ಪರೀಕ್ಷೆ, ಅಂಕ ಎಲ್ಲವೂ ಯುಯುಸಿಎಂಎಸ್ ತಂತ್ರಾಂಶದಲ್ಲಿ. ವಿದ್ಯಾರ್ಥಿವೇತನಕ್ಕೆ ಬೇರೆ ಪೋರ್ಟಲ್, ನ್ಯಾಕ್‌ಗೆ ಬೇರೆ ಕಡತ, ಕೇಂದ್ರದ ಸಮೀಕ್ಷೆಗೆ ಮತ್ತೊಂದು, ಮೇಲೆ ಚುನಾವಣಾ ಕರ್ತವ್ಯ. ಅತಿಥಿಗೆ ಪಾಸ್‌ವರ್ಡ್ ಕೊಡಲು ಹಿಂಜರಿಕೆ, ನಾಳೆ ಇರುತ್ತಾರೋ ಇಲ್ಲವೋ. ಹಾಗಾಗಿ ಇತಿಹಾಸದಲ್ಲಿ ಪಿಎಚ್.ಡಿ. ಮಾಡಿದ ಕಾಯಂ ಅಧ್ಯಾಪಕರು ಮಧ್ಯಾಹ್ನವಿಡೀ ಜಾತಿ ಪ್ರಮಾಣಪತ್ರದ ಆರ್.ಡಿ. ನಂಬರ್ ಟೈಪು ಮಾಡುತ್ತ ಕೂರುತ್ತಾರೆ. ಪಕ್ಕದ ಕೋಣೆಯಲ್ಲಿ ಅವರ ಪಾಠವನ್ನು ಅತಿಥಿ ಮಾಡುತ್ತಿರುತ್ತಾರೆ. ಸರ್ಕಾರದ ದುಡ್ಡಿನ ಲೆಕ್ಕದಲ್ಲೇ ನೋಡಿದರೂ ಇದು ಹುಚ್ಚು ವ್ಯವಹಾರ: ದುಬಾರಿ ಕೈಗೆ ಅಗ್ಗದ ಕೆಲಸ, ಅಗ್ಗದ ಕೈಗೆ ದುಬಾರಿ ಕೆಲಸ.

ನಮ್ಮ ಜಿಲ್ಲೆಗೆ ಕಾಲೇಜು ಎಂದರೇನೆಂದು ಗೊತ್ತಿಲ್ಲದೆ ಹೀಗಾಗಿಲ್ಲ. ಮಣಿಪಾಲದ ಟಿ.ಎಂ.ಎ. ಪೈಯವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಕಟ್ಟಿದರು. 1949ರಲ್ಲಿ ಉಡುಪಿಗೆ ಎಂಜಿಎಂ ಕಾಲೇಜು ಬಂತು, 1960ರಲ್ಲಿ ಕಾರ್ಕಳಕ್ಕೆ ಭುವನೇಂದ್ರ ಕಾಲೇಜು. ಎಂಜಿಎಂನಲ್ಲಿ ಕು.ಶಿ. ಹರಿದಾಸ ಭಟ್ಟರು ಪ್ರಾಂಶುಪಾಲರಾಗಿ ಮಾಡಿದ್ದೆಲ್ಲ ಯಾವ ಕಾರ್ಯಭಾರದ ಪಟ್ಟಿಯಲ್ಲೂ ಇರಲಿಲ್ಲ. ಯಕ್ಷಗಾನ ಕೇಂದ್ರ, ಜಾನಪದ ರಂಗಕಲೆಗಳ ಸಂಶೋಧನ ಕೇಂದ್ರ ಇವೆಲ್ಲ ಹುಟ್ಟಿದ್ದು ಒಬ್ಬ ಮನುಷ್ಯ ಒಂದೇ ಊರಿನಲ್ಲಿ, ಒಂದೇ ಕಾಲೇಜಿನಲ್ಲಿ ದಶಕಗಳ ಕಾಲ ಕೂತದ್ದರಿಂದ. ಕಾರ್ಕಳದಲ್ಲಿ ಭುವನೇಂದ್ರದ ಕನ್ನಡ ಅಧ್ಯಾಪಕ ಎಂ. ರಾಮಚಂದ್ರರು ಸಾಹಿತ್ಯ ಸಂಘ ನಡೆಸಿದ್ದೂ ಹಾಗೆಯೇ. ಮುಂದಿನ ಜೂನ್‌ನಲ್ಲಿ ತಾನು ಈ ಊರಿನಲ್ಲಿ ಇರುತ್ತೇನೆಂದು ಗೊತ್ತಿದ್ದವರು ಮಾತ್ರ ಸಂಘ ಕಟ್ಟುತ್ತಾರೆ. ಗಂಟೆಗೆ ಸಹಿ ಹಾಕುವವರಿಂದ ಅದನ್ನು ಬಯಸುವುದು ನ್ಯಾಯವಲ್ಲ. ಅಂದಿನ ಆಡಳಿತ ಮಂಡಳಿಗಳೂ ಅಧ್ಯಾಪಕರನ್ನು ಹೂವಿನ ಹಾಸಿಗೆಯಲ್ಲಿ ಕೂರಿಸಿರಲಿಲ್ಲ, ಸಂಬಳ ಕಡಿಮೆಯೇ ಇತ್ತು. ನಾಳೆ ಎಂಬುದೊಂದು ಇತ್ತು, ಅಷ್ಟೇ ವ್ಯತ್ಯಾಸ.

ಅಮೆರಿಕದಲ್ಲಿ ನಮ್ಮ ಸರ್ಕಾರಿ ಪದವಿ ಕಾಲೇಜುಗಳನ್ನು ಹೋಲುವವಕ್ಕೆ ಕಮ್ಯುನಿಟಿ ಕಾಲೇಜು ಎನ್ನುತ್ತಾರೆ. 1901ರಲ್ಲಿ ಜೋಲಿಯೆಟ್ ಎಂಬ ಊರಿನಲ್ಲಿ ಆರಂಭವಾದದ್ದು, ಈಗ ಸಾವಿರದಷ್ಟಿವೆ: ಮನೆ ಹತ್ತಿರ, ಫೀಸು ಕಡಿಮೆ, ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತುವವರಿಗೆ ಆಸರೆ. ಅಲ್ಲಿಯೂ ಬೋಧಕರಲ್ಲಿ ಮೂರರಲ್ಲಿ ಎರಡು ಪಾಲು ಅರೆಕಾಲಿಕರು. ಹೊರಗೆ ಬೇರೆ ವೃತ್ತಿ ಇದ್ದವರು ಸಂಜೆ ಒಂದು ಪಾಠ ಮಾಡಿ ಹೋಗಲಿ ಎಂಬುದು ಆ ವ್ಯವಸ್ಥೆಯ ಮೂಲ ಲೆಕ್ಕ, ಅದೂ ಈಗ ಕೆಟ್ಟಿದೆ. ನಮ್ಮಲ್ಲಿ ಆ ನೆಪವೂ ಇಲ್ಲ. ಅತಿಥಿಗೆ ಇದೇ ಹೊಟ್ಟೆಪಾಡು.

ಎಲ್ಲರನ್ನೂ ಒಟ್ಟಿಗೆ ಕಾಯಂ ಮಾಡಿಬಿಡಿ ಎಂಬ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪು ಕರ್ನಾಟಕದ್ದೇ ಪ್ರಕರಣ. ಹಿಂಬಾಗಿಲ ಕಾಯಮಾತಿಗೆ ಅದು ಹಾಕಿದ ಬೀಗ ಸುಲಭಕ್ಕೆ ತೆಗೆಯುವಂಥದ್ದಲ್ಲ. ನೆಟ್, ಕೆ-ಸೆಟ್ ಪಾಸಾಗಿ ಕಾಯುತ್ತಿರುವ ಯುವಕರ ಸರದಿಯನ್ನು ತಿನ್ನುವುದೂ ಸರಿಯಲ್ಲ. ಆದರೆ ಆ ಬೀಗ ತೋರಿಸುವ ಸರ್ಕಾರ ಎದುರಿನ ಬಾಗಿಲನ್ನೂ ಅಪರೂಪಕ್ಕೆ ತೆರೆಯುತ್ತದೆ. 1,242 ಸಹಾಯಕ ಪ್ರಾಧ್ಯಾಪಕರಿಗೆ 2021ರಲ್ಲಿ ಅರ್ಜಿ ಕರೆದು, 2022ರ ಮಾರ್ಚಿನಲ್ಲಿ ಪರೀಕ್ಷೆ ನಡೆಸಿ, ಭೂಗೋಳ ಪ್ರಶ್ನೆಪತ್ರಿಕೆ ಸೋರಿಕೆಯ ಗದ್ದಲ ದಾಟಿ ಜನ ಕೆಲಸಕ್ಕೆ ಸೇರುವಷ್ಟರಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಳೆದಿತ್ತು. ಅಷ್ಟರೊಳಗೆ ರಾಷ್ಟ್ರೀಯ ಶಿಕ್ಷಣ ನೀತಿ (ಎನ್ಇಪಿ) ಬಂದು ಹೋಗಿ, 2024ರಲ್ಲಿ ಮೂರು ವರ್ಷದ ಪದವಿ ಮರಳಿತ್ತು. ಪಠ್ಯಕ್ರಮ ಬದಲಾದಾಗಲೆಲ್ಲ ಕಾರ್ಯಭಾರ ಬದಲಾಗುತ್ತದೆ, ಕಾರ್ಯಭಾರ ಇಳಿದಾಗಲೆಲ್ಲ ಮೊದಲು ಹೊರಹೋಗುವುದು ಅತಿಥಿ.

ಮಾಡಬಹುದಾದದ್ದು ಇದೆ, ಕ್ರಾಂತಿಯೇನೂ ಬೇಡ. ಅತಿಥಿ ಎಂಬ ಪದವನ್ನೇ ಕಡತದಿಂದ ತೆಗೆದು, ಅರ್ಹತೆ ಇದ್ದವರಿಗೆ ಒಂದೇ ಆಯ್ಕೆಯಲ್ಲಿ ಮೂರು ವರ್ಷದ ಒಪ್ಪಂದ, ವರ್ಷಕ್ಕೆ ಹನ್ನೆರಡು ತಿಂಗಳ ಸಂಬಳ ಕೊಡಲಿ. ಒಂದು ಬ್ಯಾಚು ಸೇರಿ ಹೊರಬೀಳುವ ತನಕವಾದರೂ ಅದೇ ಮುಖ ಇರಲಿ. ಕಾಯಂ ನೇಮಕಾತಿಯಲ್ಲಿ ಅವರ ಅನುಭವಕ್ಕೆ ಅಂಕ ಇರಲಿ. ಪ್ರಾಂಶುಪಾಲರಿಗೆ ನಿಗದಿತ ಅವಧಿ ಸಿಗಲಿ. ಇದೆಲ್ಲಕ್ಕಿಂತ ಮೊದಲು ಪ್ರತಿ ಕಾಲೇಜಿಗೆ ಪೋರ್ಟಲುಗಳ ಕೆಲಸ ಗೊತ್ತಿರುವ ಇಬ್ಬರು ಗುಮಾಸ್ತರನ್ನು ಕೊಡಲಿ. ಒಬ್ಬ ಪ್ರಾಧ್ಯಾಪಕರನ್ನು ಕೀಬೋರ್ಡಿನಿಂದ ಎಬ್ಬಿಸಿ ತರಗತಿಗೆ ಕಳಿಸುವುದಕ್ಕಿಂತ ಅಗ್ಗದ ನೇಮಕಾತಿ ಬೇರೆ ಯಾವುದಿದೆ?

ಹೋದ ಸಲ ಜೋಡುರಸ್ತೆಯಲ್ಲಿ ನನಗೆ ಸಿಕ್ಕ ಹುಡುಗಿಯ ಅಮ್ಮ ಬೀಡಿ ಕಟ್ಟಿ ಇವಳನ್ನು ಬಿ.ಕಾಂ. ಮಾಡಿಸಿದವರು. ಮಣಿಪಾಲದ ಒಂದು ಕಂಪನಿಯಲ್ಲಿ ಕೆಲಸ ಸಿಗುವ ಹಾಗಿದೆ, ಪಾಠ ಮಾಡಿದ ಇಬ್ಬರು ಅಧ್ಯಾಪಕರ ಶಿಫಾರಸು ಪತ್ರ ಬೇಕಂತೆ. ಆರು ಸೆಮಿಸ್ಟರಿನಲ್ಲಿ ಅವಳಿಗೆ ಅಕೌಂಟೆನ್ಸಿಗೆ ನಾಲ್ವರು ಬಂದು ಹೋಗಿದ್ದರು. ಚೆನ್ನಾಗಿ ನೆನಪಿರುವವರು ಒಬ್ಬರೇ. ಅವರು ಈಗ ಸೊಸೈಟಿಯೊಂದರ ಪಿಗ್ಮಿ ಸಂಗ್ರಹ ಮಾಡುತ್ತಾರೆ, ಸಂಜೆ ಇದೇ ದಾರಿಯಲ್ಲಿ ಬೈಕಿನಲ್ಲಿ ಬರುತ್ತಾರೆ. ಅವರನ್ನು ಕಾದು ನಿಂತಿದ್ದಳು. ಅವರ ಸಹಿಗೆ ಕಾಲೇಜಿನ ಸೀಲು ಬೀಳುವುದಿಲ್ಲ ಎಂದು ಅವಳಿಗೆ ಗೊತ್ತು. ಸೀಲು ಇರುವ ಪತ್ರ ಆಗಲೇ ಅವಳ ಕೈಯಲ್ಲಿತ್ತು: ಬಂದು ಮೂರು ವಾರವಾದ ಪ್ರಭಾರ ಪ್ರಾಂಶುಪಾಲರು, ಮೂರು ವರ್ಷದಿಂದ ಇವಳನ್ನು ಬಲ್ಲೆ, ನಡತೆ ಉತ್ತಮ, ಎಂದು ಬರೆದುಕೊಟ್ಟಿದ್ದರು.