ಸಿ ಮಾತ್ರೆ ನುಂಗುವ ಮುನ್ನ ಬಿ ಬಗ್ಗೆ ಕೇಳಿ

ಅಣ್ಣನನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆತರುವ ಹೆಣ್ಣುಮಗಳೊಬ್ಬಳು ಮೊನ್ನೆ ಲ್ಯಾಬಿನ ಕಿಟಕಿಯಲ್ಲಿ ರಿಪೋರ್ಟ್ ಈಸಿಕೊಂಡವಳು ಅಲ್ಲೇ ನಿಂತುಬಿಟ್ಟಳು. ‘ಜೀನೋಟೈಪ್ 3’ ಎಂಬಲ್ಲಿ ಬೆರಳಿಟ್ಟು, “ಮೂರನೇ ಸ್ಟೇಜಾ ಸರ್?” ಅಂದಳು. ಅಲ್ಲಮ್ಮ, ಅದು ಕಾಯಿಲೆಯ ಹಂತವಲ್ಲ, ಹೆಪಟೈಟಿಸ್ ಸಿ ವೈರಸ್ಸಿನ ತಳಿ ಅಂದೆ. ಈ ಪ್ರಶ್ನೆ ಕೇಳಿದವರಲ್ಲಿ ಅವಳು ಮೊದಲನೆಯವಳಲ್ಲ.

ಹೆಪಟೈಟಿಸ್ ಸಿ ತಳಿಗಳಿಗೆ ಅಂಕಿ, ಬಿ ತಳಿಗಳಿಗೆ ಅಕ್ಷರ. ನಮ್ಮ ದೇಶದಲ್ಲಿ ಸಿ ಪೈಕಿ 3, ಬಿ ಪೈಕಿ ಡಿ ಹೆಚ್ಚು. ತಳಿಗೆ ಬೆಲೆಯೇ ಇಲ್ಲವೆಂದಲ್ಲ. ಈ 3 ಲಿವರಿನಲ್ಲಿ ಕೊಬ್ಬು ಕೂಡಿಸುತ್ತದೆ, ಅದನ್ನು ಗಟ್ಟಿಯಾಗಿಸುವುದರಲ್ಲೂ ಇದಕ್ಕೆ ಅವಸರ. ಇಂಟರ್‌ಫೆರಾನ್ ಇಂಜೆಕ್ಷನ್ನಿನ ಕಾಲದಲ್ಲಿ 24 ವಾರವೋ 48 ವಾರವೋ ಎಂಬುದನ್ನು ತಳಿ ನೋಡಿಯೇ ಹೇಳುತ್ತಿದ್ದರು. ಈಗಿನ ಸೋಫೋಸ್ಬುವಿರ್–ವೆಲ್ಪಟಾಸ್ವಿರ್ ಎಲ್ಲ ತಳಿಗೂ ಆಗುತ್ತದೆ, ಸಾಮಾನ್ಯವಾಗಿ 12 ವಾರ.

ನನ್ನ ಕಳವಳ ಎರಡೂ ವೈರಸ್ ಇರುವವರದು. ಒಂದೇ ಲಿವರಿನಲ್ಲಿ ಎರಡೂ ಸೇರಿದರೆ ಸಾಮಾನ್ಯವಾಗಿ ಸಿ-ಯದೇ ಯಜಮಾನಿಕೆ, ಬಿ ಬಾಲ ಮುದುರಿಕೊಂಡಿರುತ್ತದೆ. ಮಾತ್ರೆ ಸಿ-ಯನ್ನು ಓಡಿಸಿದ ಮೇಲೆ ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಅಡಗಿ ಕೂತಿದ್ದ ಬಿ ತಲೆ ಎತ್ತಬಹುದು. ಇಂಥ 24 ಪ್ರಕರಣ ನೋಡಿದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಈ ಮಾತ್ರೆಗಳಿಗೆ ತನ್ನ ಅತಿ ಕಟುವಾದ ಎಚ್ಚರಿಕೆ ಹಾಕಿಸಿತು. ಅವರಲ್ಲಿ ಇಬ್ಬರು ತೀರಿಕೊಂಡಿದ್ದರು, ಒಬ್ಬರಿಗೆ ಲಿವರ್ ಕಸಿಯೇ ಆಗಬೇಕಾಯಿತು.

ಅದಕ್ಕೇ ಕೈಮುಗಿದು ಕೇಳುತ್ತೇನೆ: ಸಿ ಮಾತ್ರೆ ಶುರುವಾಗುವ ಮೊದಲು ಎಚ್‌ಬಿಎಸ್‌ಎಜಿ, ಆಂಟಿ-ಎಚ್‌ಬಿಸಿ ಎರಡೂ ಪರೀಕ್ಷೆ ಆಗಿದೆಯಾ ಎಂದು ಡಾಕ್ಟರನ್ನು ಕೇಳಿ. ಮೊದಲನೆಯದು ಈಗಿರುವ ಬಿ ಸೋಂಕನ್ನು ಹಿಡಿಯುತ್ತದೆ, ಎರಡನೆಯದು ಎಂದೋ ಬಂದು ಹೋದದ್ದರ ಗುರುತನ್ನು. ಮೊದಲನೆಯದು ನೆಗೆಟಿವ್ ಬಂತೆಂದು ಎದ್ದು ಬರಬೇಡಿ. ಬಿ ಸಿಕ್ಕಿತೆಂದು ಹೆದರಿ ಸಿ ಚಿಕಿತ್ಸೆಯನ್ನೂ ಬಿಡಬೇಡಿ. ಜೊತೆಗೆ ಬಿ-ಯನ್ನು ಹತ್ತಿಕ್ಕುವ ಟೆನೊಫೊವಿರ್ ಕೊಡುವ ದಾರಿಯಿದೆ. ಮಾತ್ರೆ ಮುಗಿದ ಮೇಲೂ ಡಾಕ್ಟರು ಹೇಳಿದಷ್ಟು ದಿನ ರಕ್ತ ತೋರಿಸಿ. ನಡುವೆ ಕಣ್ಣು ಹಳದಿಯಾದರೆ ಕಾಮಾಲೆಯ ಬೇರು ಕೊಡುವವರ ಮನೆ ಹುಡುಕಿಕೊಂಡು ದಿನ ಕಳೆಯಬೇಡಿ, ಅಂದೇ ಆಸ್ಪತ್ರೆಗೆ ಬನ್ನಿ. ಖರ್ಚಿನ ಯೋಚನೆಯಿದ್ದರೆ, 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಉಚಿತ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಸಿ-ಗೆ ಲಸಿಕೆಯಿಲ್ಲ, ಬಿ-ಗೆ ಇದೆ. ಮನೆಯವರೂ ಪರೀಕ್ಷೆ ಮಾಡಿಸಿ, ಸೋಂಕಿಲ್ಲದಿದ್ದರೆ ಹಾಕಿಸಿಕೊಳ್ಳಿ.

ಆ ಹೆಣ್ಣುಮಗಳಿಗೆ ರಿಪೋರ್ಟಿನ ಹಿಂಬದಿಯಲ್ಲಿ ಎರಡೂ ಪರೀಕ್ಷೆಯ ಹೆಸರು ಬರೆದುಕೊಟ್ಟೆ. ನಿಮ್ಮದರ ಹಿಂದೆಯೂ ಬರೆದಿಟ್ಟುಕೊಳ್ಳಿ.