ಸಿಸಿ ಕೇಳುವವರೇ ಎಲ್ಲ, ಬ್ರೇಕ್ ಕೇಳುವವರಿಲ್ಲ

ಡಿಗ್ರಿ ಮುಗಿದು ಮೊದಲ ಕೆಲಸ ಸಿಕ್ಕಿತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಅದರ ಬೆನ್ನಿಗೇ ಬರುವ ಮಾತು ಬೈಕಿನದು. ತುಮಕೂರಿನಿಂದ ಶಿರಾ ಕಡೆ ಹೋಗುವ ಹೆದ್ದಾರಿಯಲ್ಲಿರುವ ವಸಂತನರಸಾಪುರದ ಕಾರ್ಖಾನೆಗಳಿಗೆ ಸುತ್ತಲಿನ ಹಳ್ಳಿಗಳಿಂದ ಹೋಗಿಬರುವ ನನ್ನಂಥವರಿಗೆ ಬೈಕು ಶೋಕಿಯ ವಸ್ತುವೇನಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ನಿಜ. ಆದರೆ ಸಂಜೆ ಕೆಲಸ ಮುಗಿಸಿ ಗೇಟು ದಾಟುವಷ್ಟರಲ್ಲಿ ನಮ್ಮೂರಿನ ಕೊನೆಯ ಬಸ್ಸು ಹೊರಟುಹೋಗಿರುತ್ತದೆ. ಹಾಗಾಗಿ ನಮ್ಮ ಮನೆಯಲ್ಲೂ ಹದಿನೈದು ದಿನ ಚರ್ಚೆ ನಡೆಯಿತು. ಎಷ್ಟು ಸಿಸಿ, ಎಷ್ಟು ಮೈಲೇಜು, ಯಾವ ಬಣ್ಣ, ಮಾರಿದರೆ ಎಷ್ಟು ಬರುತ್ತದೆ? ಬಂದವರೆಲ್ಲ ಇವನ್ನೇ ಕೇಳಿದರು. ಓಡಿಸುವುದನ್ನು ಯಾರು ಕಲಿಸುತ್ತಾರೆ, ಎಷ್ಟು ದಿನ ಕಲಿಯುತ್ತೀಯ ಎಂದು ಒಬ್ಬರೂ ಕೇಳಲಿಲ್ಲ. ಕೊಳ್ಳುವುದಕ್ಕೆ ಹದಿನೈದು ದಿನ, ಕಲಿಯುವುದಕ್ಕೆ ಅರ್ಧ ಗಂಟೆ. ಈ ಲೆಕ್ಕವೇ ತಲೆಕೆಳಗಾಗಿದೆ ಎನ್ನುವುದು ನನ್ನ ತಕರಾರು.

‘ಹುಡುಗಿಗೆ ಸ್ಕೂಟಿ ಸಾಕು’ ಎಂಬ ಪುಕ್ಕಟೆ ಸಲಹೆ ನನಗೂ ಬೇಕಾದಷ್ಟು ಸಿಕ್ಕಿತು. ಪೇಟೆಯೊಳಗೆ ಓಡಾಡುವುದಕ್ಕೆ ಸ್ಕೂಟರ್ ಸುಲಭ, ಒಪ್ಪುತ್ತೇನೆ. ಆದರೆ ಆಕ್ಟಿವಾದ ಮುಂದಿನ ಚಕ್ರ 12 ಇಂಚು, ಹಿಂದಿನದು 10 ಇಂಚು. ಸ್ಪ್ಲೆಂಡರಿನ ಎರಡೂ ಚಕ್ರ 18 ಇಂಚು. ಗುಂಡಿಯೊಂದರಲ್ಲಿ ಸಣ್ಣ ಚಕ್ರ ಪೂರ್ತಿ ಇಳಿದು ಕುಕ್ಕುತ್ತದೆ, ದೊಡ್ಡದು ಬಹುಪಾಲು ದಾಟಿಕೊಂಡು ಹೋಗುತ್ತದೆ. ನಮ್ಮೂರ ರಸ್ತೆ ನೋಡಿದವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ತೂಕದ ಮಾತನ್ನು ಷೋರೂಮಿನಲ್ಲಿ ಯಾರೂ ಎತ್ತುವುದಿಲ್ಲ. ಸ್ಪ್ಲೆಂಡರ್ 112 ಕೆ.ಜಿ., ಕ್ಲಾಸಿಕ್ 350 ಬೈಕು 195 ಕೆ.ಜಿ. ಓಡುತ್ತಿರುವಾಗ ಈ ವ್ಯತ್ಯಾಸ ಗೊತ್ತಾಗದು. ಇಳಿಜಾರಿನಲ್ಲಿ ನಿಲ್ಲಿಸಿ ಹಿಂದಕ್ಕೆ ತಳ್ಳುವಾಗ, ಜಲ್ಲಿಯ ಮೇಲೆ ನಿಂತಲ್ಲೇ ವಾಲಿದಾಗ ಗೊತ್ತಾಗುತ್ತದೆ. ಹೊಸಬರು ಬೀಳುವುದು ಹೆಚ್ಚಾಗಿ ನಿಲ್ಲುವಾಗ ಮತ್ತು ತಿರುಗಿಸುವಾಗ. ಆದ್ದರಿಂದ ಸೀಟಿನ ಮೇಲೆ ಕೂತು ಎರಡೂ ಪಾದ ನೆಲಕ್ಕೆ ಊರುತ್ತವೆಯೇ ನೋಡಿ. ಸ್ಟ್ಯಾಂಡ್ ತೆಗೆದು ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ. ಆಗದಿದ್ದರೆ ಅದು ನಿಮ್ಮ ಎರಡನೆಯ ಬೈಕು, ಮೊದಲನೆಯದಲ್ಲ.

ದುಡ್ಡಿನ ಲೆಕ್ಕಕ್ಕೆ ಬರುತ್ತೇನೆ. ದಿನಕ್ಕೆ 40 ಕಿ.ಮೀ., ತಿಂಗಳಿಗೆ 26 ದಿನ. ಲೀಟರಿಗೆ 60 ಕಿ.ಮೀ. ಕೊಡುವ ಬೈಕಿಗೆ ಹದಿನೇಳು ಲೀಟರ್ ಪೆಟ್ರೋಲು ಬೇಕು, 35 ಕೊಡುವ ಬೈಕಿಗೆ ಮೂವತ್ತು. ಲೀಟರಿಗೆ ನೂರು ರೂಪಾಯಿ ಹಿಡಿದರೂ ತಿಂಗಳಿಗೆ ಸಾವಿರದ ಇನ್ನೂರಕ್ಕೂ ಹೆಚ್ಚಿನ ವ್ಯತ್ಯಾಸ. ಸಾಲ ಮಾಡುವವರು ‘ಬಡ್ಡಿ ಬರೀ ಹತ್ತು ಪರ್ಸೆಂಟ್’ ಎಂದಾಗ ಅದು ಫ್ಲಾಟ್ ದರವೇ ಎಂದು ಕೇಳಲೇಬೇಕು. 80 ಸಾವಿರಕ್ಕೆ ಮೂರು ವರ್ಷ ಫ್ಲಾಟ್ ಹತ್ತು ಎಂದರೆ 24 ಸಾವಿರ ಬಡ್ಡಿ. ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಮೊತ್ತಕ್ಕೆ ಬೀಳುತ್ತದೆ. ಉಳಿದ ಅಸಲಿಗಷ್ಟೇ ಬಡ್ಡಿ ಹಾಕುವ ಕ್ರಮದಲ್ಲಿ ನೋಡಿದರೆ ಅದು ಸುಮಾರು ಹದಿನೆಂಟು ಪರ್ಸೆಂಟಿಗೆ ಸಮ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದೂ ಜಾಣತನವೇ. ಆದರೆ ಆರ್‌ಸಿಯಲ್ಲಿ ಸಾಲದ ನಮೂದು ಉಳಿದಿದೆಯೇ, ದಂಡ ಬಾಕಿಯಿದೆಯೇ ನೋಡಿ. ಬೈಕು ನಿಮ್ಮ ಹೆಸರಿಗೆ ಆಗುವ ಮುಂಚೆ ಪೂರ್ತಿ ಹಣ ಕೊಡಬೇಡಿ.

ಈಗ ನನ್ನ ಮುಖ್ಯ ಮಾತು, ಬ್ರೇಕು. ‘ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ’ ಎನ್ನುವುದು ನಮ್ಮ ಹಳ್ಳಿಗಳಲ್ಲಿ ಬೈಕ್ ಕಲಿಸುವ ಅಣ್ಣಂದಿರ ಮೊದಲ ಪಾಠ. ಆ ಪಾಠ ಅರ್ಧ ಮಾತ್ರ ಸರಿ. ಬ್ರೇಕ್ ಹಾಕಿದಾಗ ಬೈಕಿನ ಭಾರ ಮುಂದಿನ ಚಕ್ರಕ್ಕೆ ಜಾರುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರವನ್ನಷ್ಟೇ ಒತ್ತಿ ಹಿಡಿದರೆ ಅದು ಲಾಕ್ ಆಗಿ ಜಾರುತ್ತದೆ, ಬೈಕು ಬೇಗ ನಿಲ್ಲುವುದೂ ಇಲ್ಲ. ನಿಲ್ಲಿಸುವ ಶಕ್ತಿಯ ಹೆಚ್ಚು ಪಾಲು ಇರುವುದು ಮುಂದಿನ ಬ್ರೇಕಿನಲ್ಲೇ. ಅದನ್ನು ಗಕ್ಕನೆ ಹಿಡಿಯಬಾರದು, ನಿಂಬೆಹಣ್ಣು ಹಿಂಡಿದ ಹಾಗೆ ಹಂತಹಂತವಾಗಿ ಬಿಗಿಮಾಡಬೇಕು. ಹಿಂದಿನದನ್ನೂ ಜೊತೆಗೇ ಒತ್ತಬೇಕು. ತಿರುವಿನಲ್ಲಿ, ಮರಳಿನ ಮೇಲೆ ಮಾತ್ರ ಮುಂದಿನದನ್ನು ಬಲವಾಗಿ ಹಿಡಿಯುವಂತಿಲ್ಲ. ತಿರುವು ಬರುವ ಮುಂಚೆಯೇ ವೇಗ ಇಳಿಸಿಕೊಂಡಿರಬೇಕು.

2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅದಕ್ಕಿಂತ ಸಣ್ಣ ಬೈಕುಗಳಲ್ಲಿ ಕನಿಷ್ಠ ಸಿಬಿಎಸ್ ಇರಬೇಕು. ಎಬಿಎಸ್ ಚಕ್ರ ಲಾಕ್ ಆಗದಂತೆ ತಡೆಯುತ್ತದೆ. ಸಿಬಿಎಸ್ ಇದ್ದರೆ ಕಾಲಿನ ಬ್ರೇಕ್ ಒತ್ತಿದಾಗ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ನಾನು ತೆಗೆದುಕೊಂಡ ಸ್ಪ್ಲೆಂಡರಿನಲ್ಲಿ ಇರುವುದು ಸಿಬಿಎಸ್. ಅದು ಚಕ್ರ ಲಾಕ್ ಆಗುವುದನ್ನು ತಪ್ಪಿಸುವುದಿಲ್ಲ, ಆ ಕೆಲಸ ನಮ್ಮ ಕೈಯದೇ. ನಾಲ್ಕು ಭಾನುವಾರ ಬೆಳಿಗ್ಗೆ ಊರಿನ ಶಾಲೆಯ ಮೈದಾನದಲ್ಲಿ ಇಟ್ಟಿಗೆಯ ಗುರುತಿಟ್ಟು, 20ರ ವೇಗದಿಂದ, ಆಮೇಲೆ 30ರಿಂದ, ಆಮೇಲೆ 40ರಿಂದ ನಿಲ್ಲಿಸುವುದನ್ನಷ್ಟೇ ಮಾಡಿದೆ. ಕಲಿಸಿದವರು ಡಿಎಲ್ ಇದ್ದ ನಮ್ಮ ಸೋದರಮಾವ. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ಓಡುವ ದೂರ ನಾಲ್ಕರಷ್ಟಾಗುತ್ತದೆ ಎಂದು ಪಿಯುಸಿಯಲ್ಲಿ ಬರೆದು ಅಂಕ ತೆಗೆದಿದ್ದೆ. ಇಟ್ಟಿಗೆ ದಾಟಿ ಎಷ್ಟು ದೂರ ಹೋದೆ ಎಂದು ಹೆಜ್ಜೆ ಹಾಕಿ ಅಳೆದಾಗಲೇ ಅದರ ಅರ್ಥ ತಿಳಿದಿದ್ದು.

ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಮೂವತ್ತು ದಿನ ಕಳೆದರೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಈ ಮೂವತ್ತು ದಿನ ಕಾಯುವುದಕ್ಕೆ ಇರುವುದಲ್ಲ, ಕಲಿಯುವುದಕ್ಕೆ. ಆ ಅವಧಿಯಲ್ಲಿ ಡಿಎಲ್ ಇರುವ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಕಾಲು ನೆಲಕ್ಕೆ ತಾಕಿಸದೆ 8 ಹಾಕಿ ಪಾಸಾದರೆ ನಿಧಾನಕ್ಕೆ ಓಡಿಸಲು ಬರುತ್ತದೆ ಎಂದಷ್ಟೇ ಅರ್ಥ. ರಸ್ತೆಯ ಮೇಲೆ ಹರಡಿದ ರಾಗಿ ತೆನೆ, ಹುರುಳಿ ಹೊಟ್ಟು, ಬಣ್ಣವಿಲ್ಲದ ಹಂಪು, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರು ಯಾವುದೂ ಆ ಅಂಗಳದಲ್ಲಿ ಇರುವುದಿಲ್ಲ. ಸುಗ್ಗಿಯಲ್ಲಿ ಒಣಹುಲ್ಲಿನ ಮೇಲೆ ಬ್ರೇಕ್ ಹಿಡಿದವರನ್ನು ಕೇಳಿ ನೋಡಿ, ಎಣ್ಣೆ ಚೆಲ್ಲಿದ ನೆಲಕ್ಕಿಂತ ಕಡೆ ಎನ್ನುತ್ತಾರೆ.

ಹೆಲ್ಮೆಟ್ಟಿನ ದುಡ್ಡನ್ನು ಬೈಕಿನ ಬೆಲೆಯಲ್ಲೇ ಸೇರಿಸಿಕೊಳ್ಳಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿಯ ಪ್ರಕಾರ ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ದ್ವಿಚಕ್ರ ವಾಹನದಲ್ಲಿದ್ದವರೇ 74,897. ಹೆಲ್ಮೆಟ್ ಹಾಕದೆ ಸತ್ತವರು 50,029. ಪೊಲೀಸರ ಕಣ್ಣು ತಪ್ಪಿಸುವ ರಸ್ತೆಬದಿಯ ಟೋಪಿ ಸಾಲದು. ಐಎಸ್‌ಐ ಗುರುತು, ಐಎಸ್ 4151 ಎಂಬ ಸಂಖ್ಯೆ ಇರಬೇಕು, ಬಕಲ್ ಹಾಕಿದಾಗ ತಲೆಯ ಮೇಲೆ ತಿರುಗಬಾರದು. ಇನ್ನು ಥರ್ಡ್ ಪಾರ್ಟಿ ವಿಮೆ ಇರುವುದು ನಿಮ್ಮಿಂದ ಪೆಟ್ಟು ತಿಂದವರಿಗಾಗಿ. ನಿಮಗೆ ಬೇಕಾದದ್ದು 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಡಿಎಲ್ ಇಲ್ಲದಿದ್ದರೆ ಅದು ದಕ್ಕುವುದಿಲ್ಲ.

ಹಿಂದಿನ ಚಕ್ರದ ಸೀರೆ ಗಾರ್ಡನ್ನು ‘ಲುಕ್ ಹಾಳು’ ಎಂದು ಬಿಚ್ಚಿಸುವ ಹುಡುಗರನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೋಟಾರು ವಾಹನ ನಿಯಮವೇ ಅದನ್ನು ಕಡ್ಡಾಯ ಮಾಡಿದೆ. ಆ ಬೈಕಿನ ಹಿಂದೆ ಕೂರುವವಳು ಸೆರಗು ಹೊದ್ದ ಅಮ್ಮನೋ ದುಪಟ್ಟಾ ಹಾಕಿದ ತಂಗಿಯೋ ಆಗಿರುತ್ತಾಳೆ.

ಪ್ರತಿ ಜನವರಿಯಲ್ಲಿ ರಸ್ತೆ ಸುರಕ್ಷತೆಯ ಹೆಸರಿನಲ್ಲಿ ನಮ್ಮ ಕಾಲೇಜುಗಳು ಜಾಥಾ ನಡೆಸುತ್ತವೆ, ಪ್ರಬಂಧ ಸ್ಪರ್ಧೆ ಇಡುತ್ತವೆ. ನನಗೂ ಒಮ್ಮೆ ಎರಡನೇ ಬಹುಮಾನ ಬಂದಿತ್ತು, ಒಂದು ಸ್ಟೀಲ್ ಲೋಟ. ಅದರ ಬದಲು ಅಂತಿಮ ವರ್ಷದವರಿಗೆ ನಾಲ್ಕು ಭಾನುವಾರ ಮೈದಾನ ಬಿಟ್ಟುಕೊಡಲಿ. ಸುಣ್ಣದ ಗೆರೆ, ಹತ್ತು ಇಟ್ಟಿಗೆ, ಡಿಎಲ್ ಇರುವ ಇಬ್ಬರು ಮೇಷ್ಟ್ರು, ಒಂದು ಹಳೆಯ ಬೈಕು ಇದ್ದರೆ ಆಯಿತು. ಹುಡುಗಿಯರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.