ಕೋಡಿ ಇಲ್ಲದ ಕೊಳ

ಮೂರನೇ ವರ್ಷದ ಬಿ.ಇ. ಮಿನಿ ಪ್ರಾಜೆಕ್ಟ್‌ಗೆ ಗಾಲ್ಫ್ ಗೇಮ್ ಮಾಡುತ್ತೇನೆ ಎಂದಾಗ ಕ್ಲಾಸಿನಲ್ಲಿ ನಕ್ಕವರೇ ಹೆಚ್ಚು. ನಿಡಘಟ್ಟದ ಹುಡುಗನಿಗೂ ಗಾಲ್ಫ್‌ಗೂ ಎಲ್ಲಿಯ ಸಂಬಂಧ? ನ್ಯಾಯವಾದ ಪ್ರಶ್ನೆಯೇ. ನಿಜವಾದ ಗಾಲ್ಫ್ ಮೈದಾನವನ್ನು ನಾನು ನೋಡಿದ್ದು ಒಂದೇ ಸಲ, ಅದೂ ಮೈಸೂರಿನಲ್ಲಿ ಬಸ್ಸಿನ ಕಿಟಕಿಯಿಂದ. ಗಾಲ್ಫ್ ಆರಿಸಿಕೊಂಡಿದ್ದಕ್ಕೆ ಕಾರಣ ಶುದ್ಧ ಸೋಮಾರಿತನ. ಓಡುವ, ಹೊಡೆದಾಡುವ ಮನುಷ್ಯರನ್ನು ಅನಿಮೇಟ್ ಮಾಡುವ ಕಷ್ಟವಿಲ್ಲ. ಒಂದು ಚೆಂಡು, ಒಂದಿಷ್ಟು ನೆಲ, ಒಂದು ಕೊಳ ಇದ್ದರೆ ಸಾಕು ಅಂದುಕೊಂಡೆ. ಆ ನೆಲ ಮತ್ತು ಕೊಳವೇ ಇಡೀ ಸೆಮಿಸ್ಟರ್ ನನ್ನನ್ನು ಅರೆದವು.

ಗೇಮ್‌ಗಳಲ್ಲಿ ನೆಲ ಎನ್ನುವುದು ಸಾಮಾನ್ಯವಾಗಿ ಒಂದು ಕಪ್ಪು–ಬಿಳುಪು ಚಿತ್ರ. ಬೆಳ್ಳಗಿದ್ದ ಕಡೆ ಎತ್ತರ, ಕಪ್ಪಗಿದ್ದ ಕಡೆ ತಗ್ಗು. ಇದಕ್ಕೆ ಹೈಟ್‌ಮ್ಯಾಪ್ ಎನ್ನುತ್ತಾರೆ. ಆ ಚಿತ್ರವನ್ನು ಕೈಯಿಂದ ಬಿಡಿಸಬೇಕಿಲ್ಲ, ಪರ್ಲಿನ್ ನಾಯ್ಸ್ ಎಂಬ ಲೆಕ್ಕವೇ ಬಿಡಿಸಿಕೊಡುತ್ತದೆ. ಕೆನ್ ಪರ್ಲಿನ್ ಎಂಬಾತ 1980ರ ದಶಕದಲ್ಲಿ ರೂಪಿಸಿದ ಈ ತಂತ್ರಕ್ಕೆ 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂದಿದೆ. ನಾಲ್ಕು ಸಾಲಿನ ಕೋಡ್, ಗುಂಡಿ ಒತ್ತಿದರೆ ಗುಡ್ಡ. ನಾನೂ ಒತ್ತಿದೆ. ಮಧ್ಯದ ತಗ್ಗಿನಲ್ಲಿ ಸ್ವಿಮ್ಮಿಂಗ್ ಪೂಲಿನಂಥ ನೀಲಿ ನೀರನ್ನು ತುಂಬಿಸಿದೆ. ಎಂಟು ಜಿಬಿ ರ‍್ಯಾಮಿನ ನನ್ನ ಹಳೇ ಲ್ಯಾಪ್‌ಟಾಪ್ ಬಿಸಿಯಾಗಿ ಬುಸುಗುಟ್ಟಿದರೂ ಚಿತ್ರ ಚೆನ್ನಾಗಿಯೇ ಬಂತು.

ದಸರಾ ರಜೆಯಲ್ಲಿ ಊರಿಗೆ ಬಂದವನು ಅಪ್ಪನಿಗೆ ತೋರಿಸಿದೆ. ಅಪ್ಪ ಸ್ವಲ್ಪ ಹೊತ್ತು ನೋಡಿ ಕೇಳಿದರು: ‘ಈ ಕಟ್ಟೆಗೆ ನೀರು ಎಲ್ಲಿಂದ ಬತ್ತದ್ಲಾ? ತುಂಬುದ್ರೆ ಎತ್ತಗೆ ಹೋಯ್ತದೆ?’

ನನ್ನ ಬಳಿ ಉತ್ತರವಿರಲಿಲ್ಲ. ‘ಇದು ಗೇಮು ಕಣಪ್ಪ’ ಅಂದೆ. ‘ಗೇಮಾದ್ರೆ ನೀರು ಮೇಲಕ್ಕೆ ಹರಿದಾದಾ?’ ಅಂದು ಎದ್ದು ಹೋದರು.

ಆಮೇಲೆ ಓದಿದಾಗ ಗೊತ್ತಾಯಿತು, ಅಪ್ಪ ಹಿಡಿದ ತಪ್ಪು ನನ್ನೊಬ್ಬನದಲ್ಲ. ನಾಯ್ಸ್‌ನಿಂದ ಹುಟ್ಟಿದ ನೆಲದ ಮೂಲ ದೋಷವೇ ಅದು. ಅದರಲ್ಲಿ ಉಬ್ಬು–ತಗ್ಗುಗಳು ಎಲ್ಲ ಕಡೆ ಒಂದೇ ಸಮನೆ ಚೆಲ್ಲಿಕೊಂಡಿರುತ್ತವೆ. ಹೊರದಾರಿ ಇಲ್ಲದ ಗುಂಡಿಗಳೇ ತುಂಬಿರುತ್ತವೆ. ನಿಜವಾದ ನೆಲವನ್ನು ನೀರು ಕೆತ್ತಿರುತ್ತದೆ. ದಿಬ್ಬದಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ, ಕೆರೆಯ ಕೋಡಿಯಿಂದ ಮುಂದಿನ ಹಳ್ಳಕ್ಕೆ ದಾರಿ ಇರುತ್ತದೆ. ನನ್ನ ಕೊಳಕ್ಕೆ ಕೋಡಿಯೇ ಇರಲಿಲ್ಲ. ಇದನ್ನು ಸರಿಪಡಿಸುವ ವಿಧಾನವೂ ಇದೆ. ಕಂಪ್ಯೂಟರ್‌ನಲ್ಲೇ ಲಕ್ಷಾಂತರ ಮಳೆಹನಿ ಸುರಿಸುವುದು; ಒಂದೊಂದು ಹನಿಯೂ ಇಳಿಜಾರು ಹಿಡಿದು ಮಣ್ಣು ಕೊಚ್ಚಿಕೊಂಡು ಹೋಗಿ, ವೇಗ ತಗ್ಗಿದ ಕಡೆ ಬಿಟ್ಟುಹೋಗುವಂತೆ ಲೆಕ್ಕ ಹಾಕುವುದು. ಒಂದು ರಾತ್ರಿ ಓಡಿಸಿದ್ದಕ್ಕೇ ನನ್ನ ಗುಡ್ಡಗಳಿಗೆ ಕೊರಕಲು ಮೂಡಿ, ಮೊದಲ ಸಲ ಅವು ಯಾವುದೋ ಊರಿನವು ಅನ್ನಿಸಿದವು.

ಯಾವುದೋ ಊರೇಕೆ, ನಮ್ಮೂರೇ ಆಗಲಿ ಎಂದು ಹಟ ಹಿಡಿದೆ. ನಾಸಾದ ನೌಕೆಯೊಂದು 2000ನೇ ಇಸವಿಯ ಫೆಬ್ರುವರಿಯಲ್ಲಿ ರೇಡಾರ್‌ನಿಂದ ಅಳೆದ ಭೂಮಿಯ ಎತ್ತರದ ದತ್ತಾಂಶ ಉಚಿತವಾಗಿ ಸಿಗುತ್ತದೆ. ನಮ್ಮ ಇಸ್ರೊದ ಭುವನ್ ತಾಣದಲ್ಲೂ ಕಾರ್ಟೊಸ್ಯಾಟ್ ಉಪಗ್ರಹದ ಅಂಥದ್ದೇ ದತ್ತಾಂಶ ಇದೆ. ಆದರೆ ಎರಡರಲ್ಲೂ ಮೂವತ್ತು ಮೀಟರ್‌ಗೆ ಒಂದೇ ಅಳತೆ. ಗಾಲ್ಫ್‌ನಲ್ಲಿ ಚೆಂಡನ್ನು ಕುಳಿಗೆ ತಳ್ಳುವ ನುಣುಪು ಹುಲ್ಲಿನ ಜಾಗ, ಅಂದರೆ ಗ್ರೀನ್, ಸಾಮಾನ್ಯವಾಗಿ ಇಪ್ಪತ್ತೈದು ಮೀಟರ್ ಆಸುಪಾಸು ಇರುತ್ತದೆ. ಇಡೀ ಗ್ರೀನ್ ಒಂದು ಚುಕ್ಕಿಯಲ್ಲಿ ಮುಳುಗಿಹೋಗುತ್ತದೆ. ಇನ್ನು ನಮ್ಮ ಹೊಲದ ಬದುಗಳ ಲೆಕ್ಕ ಯಾರಿಗೆ? ಮೇಲಾಗಿ ಆ ರೇಡಾರ್‌ಗೆ ಮರ ಯಾವುದು, ಮಣ್ಣು ಯಾವುದು ಎಂಬ ಭೇದ ಸರಿಯಾಗಿ ತಿಳಿಯುವುದಿಲ್ಲ. ತೆಂಗಿನ ತೋಟವೂ ಸಣ್ಣ ದಿಬ್ಬದಂತೆ ಕಾಣಬಹುದು. ಎಳನೀರಿಗೆ ಹೆಸರಾದ ಮದ್ದೂರು ತಾಲ್ಲೂಕಿನಲ್ಲಿ ಇದರಿಂದ ಎಷ್ಟು ದಿಬ್ಬ ಹುಟ್ಟಬಹುದು, ನೀವೇ ಊಹಿಸಿ!

ಕೊನೆಗೆ ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪೈಪನ್ನು ಎರವಲು ತಂದೆವು. ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಎರಡು ದಿನದಲ್ಲಿ ನೂರ ನಲವತ್ತು ಕಡೆ ಮಟ್ಟ ಗುರುತು ಮಾಡಿದೆವು. ಕಣ್ಣಿಗೆ ಚಪ್ಪಟೆಯಾಗಿದ್ದ ನಮ್ಮ ಹೊಲ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎರಡಡಿ ಇಳಿದಿತ್ತು. ಅಪ್ಪನಿಗೆ ಇದು ಹೊಸ ಸುದ್ದಿಯಲ್ಲ. ಮಳೆ ನೀರು ಯಾವ ಬದು ಒಡೆಯುತ್ತದೆ ಎಂದು ಮೊದಲೇ ಗೊತ್ತಿದ್ದವರು ಅವರು.

ಅಳತೆ ಸಿಕ್ಕಿದರೂ ಗೇಮಿನೊಳಗೆ ಚೆಂಡು ಉರುಳುವ ಬದಲು ಮೆಟ್ಟಿಲು ಇಳಿಯತೊಡಗಿತು. ಹೈಟ್‌ಮ್ಯಾಪನ್ನು ನಾನು ಎಂಟು ಬಿಟ್ ಚಿತ್ರವಾಗಿ ಉಳಿಸಿದ್ದೆ. ಅದರಲ್ಲಿ ಇರುವುದು 256 ಛಾಯೆ ಮಾತ್ರ. ಅರವತ್ತು ಮೀಟರ್ ಎತ್ತರವನ್ನು ಅಷ್ಟರಲ್ಲಿ ಹಂಚಿದರೆ ಒಂದೊಂದು ಮೆಟ್ಟಿಲು ಇಪ್ಪತ್ಮೂರು ಸೆಂಟಿಮೀಟರ್. ಮೀಟರ್‌ಗೆ ಎರಡು ಸೆಂಟಿಮೀಟರ್ ಇಳಿಜಾರಿದ್ದರೂ ಗ್ರೀನ್‌ನಲ್ಲಿ ಚೆಂಡಿನ ದಾರಿ ಬದಲಾಗುತ್ತದೆ! ಹದಿನಾರು ಬಿಟ್‌ಗೆ ಬದಲಿಸಿದಾಗ ಛಾಯೆಗಳು 65,536 ಆದವು, ಮೆಟ್ಟಿಲು ಒಂದು ಮಿಲಿಮೀಟರ್‌ಗೂ ಕಡಿಮೆಯಾಯಿತು. ಒಂದು ಸೆಟ್ಟಿಂಗ್‌ಗಾಗಿ ನಾಲ್ಕು ರಾತ್ರಿ ಹೋಗಿತ್ತು.

ನೀರಿನ ಬಣ್ಣದ ವಿಷಯ ಇನ್ನೂ ತಮಾಷೆ. ನೀರನ್ನು ನೇರ ಮೇಲಿಂದ ನೋಡಿದರೆ ಅದು ಬೆಳಕಿನ ಶೇ 2ರಷ್ಟನ್ನು ಮಾತ್ರ ಪ್ರತಿಫಲಿಸುತ್ತದೆ. ಕಾಲ ಬಳಿ ತಳ ಕಾಣುವುದು ಅದಕ್ಕೇ. ದೂರ ಹೋದಂತೆ ನೋಟ ಓರೆಯಾಗಿ, ಕೊನೆಗೆ ಬರೀ ಆಕಾಶವೇ ಕಾಣುತ್ತದೆ. ಈ ಸೂತ್ರ ಗೇಮ್ ಎಂಜಿನ್‌ನಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಸಿಗದಿರುವುದು ಮುಂಗಾರಿನ ಮೊದಲ ಮಳೆಗೆ ಕೆಂಪಾಗುವ ನೀರು, ನೀರು ಹಿಂದೆ ಸರಿದ ಮೇಲೆ ದಡದಲ್ಲಿ ಉಳಿಯುವ ಕಪ್ಪನೆಯ ಒದ್ದೆ ಅಂಚು. ಆ ಅಂಚು ಇಲ್ಲದಿದ್ದರೆ ಎಷ್ಟು ದುಬಾರಿ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಕೊಳ ನೆಲದ ಮೇಲೆ ಹಾಸಿದ ಪ್ಲಾಸ್ಟಿಕ್ ಹಾಳೆಯಂತೆಯೇ ಕಾಣುತ್ತದೆ.

ನನ್ನ ತಕರಾರು ಇರುವುದು ಇಲ್ಲಿ. ನಮ್ಮಲ್ಲಿ ಬಹುಪಾಲು ಮಂದಿ ರೆಡಿಮೇಡ್ ಮೈದಾನ, ರೆಡಿಮೇಡ್ ನೀರು ಡೌನ್‌ಲೋಡ್ ಮಾಡಿ, ಅದರ ಮೇಲೆ ಹೆಸರು ಹಾಕಿ ಪ್ರಾಜೆಕ್ಟ್ ಎನ್ನುತ್ತೇವೆ. ಇನ್ನು ಕೆಲವರು ಪ್ರಾಜೆಕ್ಟನ್ನೇ ದುಡ್ಡು ಕೊಟ್ಟು ತರುತ್ತಾರೆ. ನಾನು ಸಾಚಾ ಅಲ್ಲ, ನನ್ನ ಗೇಮಿನ ಹುಲ್ಲು ಇಂದಿಗೂ ಡೌನ್‌ಲೋಡ್ ಮಾಡಿದ್ದೇ. ಆದರೆ ಹಳ್ಳಿಯಿಂದ ಬಂದ ನಾವು ಇಂಗ್ಲಿಷ್ ಬರುವುದಿಲ್ಲ, ಲ್ಯಾಪ್‌ಟಾಪ್ ಹಳೆಯದು ಎಂದು ಕೊರಗುತ್ತಾ, ಕೈಯಲ್ಲಿರುವ ವಿದ್ಯೆಯನ್ನು ಊರಿನ ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟು ಕಾಲೇಜಿಗೆ ಹೋಗುತ್ತಿದ್ದೇವೆ. ಇಳಿಜಾರು ಓದುವುದು ಗೇಮಿಗೆ ಮಾತ್ರ ಬೇಕಾದ ವಿದ್ಯೆಯೂ ಅಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ ಕಾಮಗಾರಿಯ ಎರಡು ಭಾಗಗಳು ಸೇರುವುದು ನಮ್ಮ ನಿಡಘಟ್ಟದಲ್ಲೇ. 2022ರ ಆಗಸ್ಟ್ ಮಳೆಗೆ ರಾಮನಗರದ ಬಳಿ ಅದೇ ಹೆದ್ದಾರಿ ಜಲಾವೃತವಾಗಿದ್ದನ್ನು, 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ಮತ್ತೆ ನೀರು ನಿಂತಿದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದೇವೆ. ಬೆಂಗಳೂರಿನ ಚಲ್ಲಘಟ್ಟದಲ್ಲಂತೂ ಕೆರೆ ಇದ್ದ ಜಾಗದಲ್ಲೇ ಇಂದು ನಿಜವಾದ ಗಾಲ್ಫ್ ಮೈದಾನವಿದೆ. ನನ್ನದು ಕಂಪ್ಯೂಟರಿನೊಳಗಿನ ಮೈದಾನ. ಯಾವ ಕೆರೆಯನ್ನೂ ನುಂಗಿಲ್ಲ, ಒಂದು ಹನಿ ಕಾವೇರಿಯನ್ನೂ ಕುಡಿಯುವುದಿಲ್ಲ. ಮಂಡ್ಯ ಜಿಲ್ಲೆಯವನಾದ ನನಗೆ ಅದೊಂದು ಸಮಾಧಾನ.

ಈ ಗೇಮ್ ಹಿಡಿದುಕೊಂಡು ಬೆಂಗಳೂರಿನ ಒಂದು ಕಂಪನಿಯ ಇಂಟರ್ನ್‌ಶಿಪ್ ಸಂದರ್ಶನಕ್ಕೆ ಹೋಗಿದ್ದೆ. ‘ಕೊಳ ಇಲ್ಲೇ ಯಾಕಿದೆ?’ ಎಂದು ಕೇಳಿದರು. ಕೋಡಿಯಿಂದ ಶುರು ಮಾಡಿ ಇಪ್ಪತ್ತು ನಿಮಿಷ ಮಾತಾಡಿದೆ. ಅವರೂ ಕುರ್ಚಿ ಮುಂದಕ್ಕೆಳೆದುಕೊಂಡು ಕೇಳಿದರು. ಕೆಲಸ ಮಾತ್ರ ಸಿಗಲಿಲ್ಲ. ಸಿ ಪ್ಲಸ್ ಪ್ಲಸ್ ಪ್ರಶ್ನೆಗಳಲ್ಲಿ ಎಡವಿದೆ. ಈಗ ಅದನ್ನೇ ಮೊದಲಿನಿಂದ ಕಲಿಯುತ್ತಿದ್ದೇನೆ. ಅಪ್ಪ ಮೊನ್ನೆ ಫೋನಿನಲ್ಲಿ, ಮಳೆ ಬಂದರೆ ನಿನ್ನ ಕಟ್ಟೆ ತುಂಬುತ್ತದಾ ಎಂದು ವಿಚಾರಿಸಿದರು. ಸದ್ಯಕ್ಕೆ ತುಂಬುವುದಿಲ್ಲ. ಏಳನೇ ಸೆಮಿಸ್ಟರ್ ಒಳಗೆ ತುಂಬಿಸಬೇಕು.